ಪಾಪರ್ ಚೀಟಿ ತಗೊಂಡ್ರೆ ಸಾಲ ಮುಗಿಯುತ್ತಾ?

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಪರಿಚಯದವರೊಬ್ಬರು ಮನೆಗೆ ಬಂದರು. ಮದುವೆ ಮನೆಗಳ ಅಡುಗೆ ಕಂಟ್ರಾಕ್ಟ್ ಮಾಡುವವರು, ನನಗಿಂತ ಹತ್ತು ವರ್ಷ ಚಿಕ್ಕವರು. ಕೈಯಲ್ಲಿ ಸೀರೆ ಅಂಗಡಿಯ ದೊಡ್ಡ ಕವರ್. ಕೂತ ಕೂಡಲೇ ಅದನ್ನು ಟೀಪಾಯಿ ಮೇಲೆ ಬೋರಲು ಹಾಕಿದರು. ಬ್ಯಾಂಕಿನ ಪತ್ರ, ಕ್ರೆಡಿಟ್ ಕಾರ್ಡಿನ ಬಿಲ್ಲು, ಹೆಂಡತಿಯ ಸಂಘದ ಪಾಸ್‌ಬುಕ್ಕು, ರಿಜಿಸ್ಟರ್ ಪೋಸ್ಟಿನ ಲಕೋಟೆಗಳು. ಅರ್ಧಕ್ಕರ್ಧ ಲಕೋಟೆ ಒಡೆದೇ ಇರಲಿಲ್ಲ.

“ಅಣ್ಣಾ, ಪಾಪರ್ ಚೀಟಿ ತಗೊಂಡ್ರೆ ಎಲ್ಲಾ ಮುಗಿಯುತ್ತಂತಲ್ಲ. ಅದನ್ನ ಎಲ್ಲಿ ಕೊಡ್ತಾರೆ? ತಾಲ್ಲೂಕು ಆಫೀಸಲ್ಲಾ, ಕೋರ್ಟಲ್ಲಾ?”

ನಾನು ವಕೀಲನಲ್ಲ. ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ಕಾಗದ ಟೈಪ್ ಮಾಡಿದವನು. ಈ ಪ್ರಶ್ನೆ ಕೇಳಿದವರಲ್ಲಿ ಇವರು ಮೊದಲನೆಯವರಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ‘ಪಾಪರ್’ ಅನ್ನುವ ಪದ ನಮ್ಮ ಬಾಯಿಗೆ ಬಂದಿದ್ದು ಕೋರ್ಟಿನಿಂದಲೇ. ಆದರೆ ಕೋರ್ಟಿನಲ್ಲಿ ಅದರ ಅರ್ಥ ಬೇರೆ. ಕೋರ್ಟ್ ಫೀ ಕಟ್ಟಲೂ ಗತಿ ಇಲ್ಲದವನು ಶುಲ್ಕ ಇಲ್ಲದೆ ದಾವೆ ಹಾಕಲು ಅನುಮತಿ ಕೇಳುತ್ತಿದ್ದ. ಅದು ಪಾಪರ್ ದಾವೆ. 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ ಆ ಪದವನ್ನೇ ತೆಗೆದು ‘ನಿರ್ಗತಿಕ’ ಅಂತ ಮಾಡಿದರು. ಸಾಲ ತೀರಿಸಲಾರೆ ಅಂತ ಕೋರ್ಟಿನ ಮುಂದೆ ಕೈ ಎತ್ತುವುದು ಬೇರೆಯೇ ಅರ್ಜಿ. ಅದಕ್ಕೆ ಕಾನೂನಿನ ಹೆಸರು ದಿವಾಳಿ ಅರ್ಜಿ. ಆಂಧ್ರದ ಕಡೆ ಇದನ್ನೇ ‘ಐಪಿ (ಇನ್ಸಾಲ್ವೆನ್ಸಿ ಪಿಟಿಷನ್) ಹಾಕಿದ’ ಅಂತಾರೆ. ನಮ್ಮ ಜನ ಎರಡನ್ನೂ ಕಲಸಿ ‘ಪಾಪರ್ ಚೀಟಿ’ ಮಾಡಿಕೊಂಡಿದ್ದಾರೆ. ಚೀಟಿ ಅನ್ನುವುದೇ ದಾರಿ ತಪ್ಪಿಸುವ ಮಾತು. ರೇಷನ್ ಕಾರ್ಡಿನ ಹಾಗೆ ಒಂದು ಕಾಗದ ತಗೊಂಡು ಜೇಬಲ್ಲಿಟ್ಟುಕೊಂಡರೆ ಸಾಲ ಕೊಟ್ಟವರು ದೂರ ಹೋಗುತ್ತಾರೆ ಅನ್ನುವ ಭಾವನೆ ಬರುತ್ತದೆ. ಹಾಗೇನಿಲ್ಲ.

ನೂರು ವರ್ಷದ ಹಳೇ ಕಾನೂನು

ಅಮೆರಿಕದಲ್ಲಿರುವ ನಮ್ಮವರು ‘ಚಾಪ್ಟರ್ 7’, ‘ಚಾಪ್ಟರ್ 13’ ಅನ್ನುವುದನ್ನು ಕೇಳಿರುತ್ತಾರೆ. ಅಲ್ಲಿ ಸಾಮಾನ್ಯ ನೌಕರನೂ ದಿವಾಳಿ ಅರ್ಜಿ ಹಾಕಿ ಹೊಸದಾಗಿ ಬದುಕು ಶುರು ಮಾಡುವುದುಂಟು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಹನ್ನೆರಡು ತಿಂಗಳಿಗೆ ಬಿಡುಗಡೆ ಸಿಗುತ್ತದೆ.

ನಮ್ಮಲ್ಲಿ ಸಾಮಾನ್ಯ ಮನುಷ್ಯನಿಗೆ ಇವತ್ತಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಬ್ರಿಟಿಷರ ಕಾಲದ್ದು. ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ 1909ರ ಇನ್ನೊಂದು ಕಾಯ್ದೆ ಇದೆ. ಹಾಗಾದರೆ 2016ರಲ್ಲಿ ದೊಡ್ಡದಾಗಿ ಸುದ್ದಿಯಾದ ದಿವಾಳಿ ಸಂಹಿತೆ, ಐಬಿಸಿ, ಅದೆಲ್ಲಿ ಹೋಯಿತು? ಅದರ ಮೂರನೇ ಭಾಗ ಪೂರ್ತಿ ವ್ಯಕ್ತಿಗಳಿಗಾಗಿಯೇ ಇದೆ. ಪುಸ್ತಕದಲ್ಲಿ ಇದೆ, ಜಾರಿಗೆ ಬಂದಿಲ್ಲ. 2019ರ ಡಿಸೆಂಬರ್ 1ರಿಂದ ಅದನ್ನು ಜಾರಿ ಮಾಡಿದ್ದು ಒಂದೇ ಗುಂಪಿಗೆ: ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದ ಮಾಲೀಕರಿಗೆ. ಅಡುಗೆ ಕಂಟ್ರಾಕ್ಟರಿಗೆ, ಆಟೋ ಓಡಿಸುವವರಿಗೆ, ಕೆಲಸ ಕಳಕೊಂಡ ಸಾಫ್ಟ್‌ವೇರ್ ಹುಡುಗನಿಗೆ ಅಲ್ಲ.

ಅದೇ ಸಂಹಿತೆಯಲ್ಲಿ ತೀರಾ ಬಡವರಿಗೆ ಅಂತ ‘ಹೊಸ ಆರಂಭ’ದ ಅವಕಾಶ ಬರೆದಿದ್ದಾರೆ. ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ತಿಂಗಳಿಗೆ ಐದು ಸಾವಿರ ದುಡಿಯುವ ಮನುಷ್ಯ ಈಗ ಎಲ್ಲಿದ್ದಾನೆ ಹೇಳಿ? ಜಾರಿಯಾಗುವ ಮೊದಲೇ ಲೆಕ್ಕ ಹಳೆಯದಾಗಿಬಿಟ್ಟಿದೆ.

ಅರ್ಜಿ ಹಾಕಿದರೆ ಏನಾಗುತ್ತದೆ

ಸರಿ, 1920ರ ಕಾಯ್ದೆಯಲ್ಲೇ ಹೋಗೋಣ ಅಂದುಕೊಳ್ಳಿ. ಸಾಲ 500 ರೂಪಾಯಿ ಇದ್ದರೂ ಅರ್ಜಿ ಹಾಕಬಹುದು. ಆ ಕಾಲದಲ್ಲಿ ಐನೂರು ದೊಡ್ಡ ಮೊತ್ತ, ಅದನ್ನು ಯಾರೂ ಬದಲಾಯಿಸಿಲ್ಲ. ಸಿವಿಲ್ ಡಿಕ್ರಿಯ, ಅಂದರೆ ಹಣ ಕೊಡು ಅನ್ನುವ ಕೋರ್ಟಿನ ತೀರ್ಪಿನ ಮೇಲೆ ಬಂಧನವಾಗಿದ್ದರೆ ಅಥವಾ ಆಸ್ತಿ ಜಪ್ತಿಗೆ ಆದೇಶವಾಗಿದ್ದರೂ ಹಾಕಬಹುದು. ನೀವಿರುವ ಅಥವಾ ವ್ಯಾಪಾರ ಮಾಡುವ ಜಾಗದ ಜಿಲ್ಲಾ ಮಟ್ಟದ ಕೋರ್ಟಿಗೆ ಅರ್ಜಿ. ಅದರಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು, ಅವರ ವಿಳಾಸ, ನಿಮ್ಮ ಹೆಸರಿನಲ್ಲಿ ಏನೇನಿದೆ, ಅದರ ಬೆಲೆ ಎಷ್ಟು ಎಲ್ಲ ಬರೆಯಬೇಕು. ಒಂದನ್ನೂ ಬಿಡುವ ಹಾಗಿಲ್ಲ.

ಕೋರ್ಟ್ ಸಾಲ ಕೊಟ್ಟವರಿಗೆಲ್ಲ ನೋಟಿಸ್ ಕಳಿಸುತ್ತದೆ. ಗೆಜೆಟ್ಟಿನಲ್ಲಿ ಪ್ರಕಟಣೆ ಬರುತ್ತದೆ. ಗುಟ್ಟಾಗಿ ದಿವಾಳಿ ಆಗಲು ಆಗುವುದಿಲ್ಲ. ಅವರೆಲ್ಲ ವಕೀಲರನ್ನಿಟ್ಟು ತಕರಾರು ಹಾಕಬಹುದು. ಎಲ್ಲ ಕೇಳಿದ ಮೇಲೆ ಕೋರ್ಟಿಗೆ ಒಪ್ಪಿಗೆಯಾದರೆ ನಿಮ್ಮನ್ನು ದಿವಾಳಿ ಎಂದು ಘೋಷಿಸುತ್ತದೆ.

ಇಲ್ಲಿಗೆ ಮುಗಿಯಿತು ಅಂತ ಎಲ್ಲರೂ ತಿಳಿಯುವುದು. ಇದು ಶುರು ಅಷ್ಟೇ.

ಘೋಷಣೆಯಾದ ಕ್ಷಣದಿಂದ ನಿಮ್ಮ ಆಸ್ತಿ ನಿಮ್ಮದಲ್ಲ. ಅದು ಕೋರ್ಟಿಗೆ ಅಥವಾ ಕೋರ್ಟ್ ನೇಮಿಸಿದ ರಿಸೀವರ್‌ಗೆ ಸೇರುತ್ತದೆ. ಅವರು ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಆಮೇಲೆ ನಿಮಗೆ ಪಿತ್ರಾರ್ಜಿತವಾಗಿ ಸೈಟೋ ಹೊಲವೋ ಬಂದರೆ, ಬಿಡುಗಡೆ ಸಿಗುವ ತನಕ ಅದೂ ರಿಸೀವರ್‌ಗೇ. ಇದಕ್ಕೆ ಪ್ರತಿಯಾಗಿ ಸಿಗುವ ದೊಡ್ಡ ಲಾಭ ಒಂದಿದೆ. ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ನಿಮ್ಮ ಮೇಲೆ ಹೊಸ ದಾವೆ ಹಾಕುವ ಹಾಗಿಲ್ಲ. ಬಂಧನದಿಂದ ರಕ್ಷಣೆಯನ್ನೂ ಕೇಳಿಕೊಳ್ಳಬಹುದು.

ಎರಡನೇ ಹಂತವೇ ನಿಜವಾದ ಬಿಡುಗಡೆ. ಇಂತಿಷ್ಟು ದಿನದೊಳಗೆ ಬಿಡುಗಡೆಗೆ ಅರ್ಜಿ ಹಾಕಬೇಕು ಅಂತ ಕೋರ್ಟ್ ಮೊದಲ ಆದೇಶದಲ್ಲೇ ಹೇಳಿರುತ್ತದೆ. ಆ ಅವಧಿ ತಪ್ಪಿಸಿದರೆ ದಿವಾಳಿ ಘೋಷಣೆಯೇ ರದ್ದಾಗುತ್ತದೆ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಹೀಗೇ ಆಗಿತ್ತು. ಘೋಷಣೆ ಆಯಿತಲ್ಲ ಅಂತ ಫೈಲು ಅಟ್ಟಕ್ಕೆ ಹಾಕಿದರು. ಆಮೇಲೆ ಹಿಂದೆ ಸಾಲ ಕೊಟ್ಟವರೆಲ್ಲ ಬಾಗಿಲಲ್ಲಿ ನಿಂತಾಗ ಓಡಿ ಬಂದರು.

ಬಿಡುಗಡೆ ಕೊಡುವಾಗ ಕೋರ್ಟ್ ನಿಮ್ಮ ನಡತೆಯನ್ನೂ ನೋಡುತ್ತದೆ. ಜೂಜಾಡಿ ಕಳೆದಿರೋ, ಲೆಕ್ಕದ ಪುಸ್ತಕ ಇಟ್ಟಿದ್ದಿರೋ, ತೀರಿಸಲಾರೆ ಅಂತ ಗೊತ್ತಿದ್ದೂ ಸಾಲ ಮಾಡಿದಿರೋ. ಒಂದು ಷರತ್ತು ನನಗೆ ಯಾವಾಗಲೂ ನೆನಪಿರುತ್ತದೆ. ನಿಮ್ಮ ಆಸ್ತಿಯ ಬೆಲೆ ಸಾಲದ ರೂಪಾಯಿಗೆ ಎಂಟಾಣೆಯಷ್ಟಾದರೂ ಇರಬೇಕು. ಅಂದರೆ 50 ಪೈಸೆ. ಅಷ್ಟು ಇಲ್ಲದಿದ್ದರೆ, ಅದು ನನ್ನ ತಪ್ಪಿನಿಂದಾದದ್ದಲ್ಲ ಅಂತ ನೀವೇ ಕೋರ್ಟಿಗೆ ತೋರಿಸಬೇಕು. ಕೊರೊನಾ, ಕಾಯಿಲೆ, ಬೆಂಕಿ, ಹೀಗೆ ಏನಾದರೂ.

ಇಷ್ಟಾಗಿಯೂ ಕೆಲವು ಸಾಲ ಹೋಗುವುದಿಲ್ಲ. ಸರ್ಕಾರಕ್ಕೆ ಕೊಡಬೇಕಾದದ್ದು, ಮೋಸದಿಂದ ಮಾಡಿದ್ದು, ಹೆಂಡತಿ ಮಕ್ಕಳಿಗೆ ಕೋರ್ಟ್ ಹೇಳಿದ ಜೀವನಾಂಶ, ಇವು ಹಾಗೇ ಉಳಿಯುತ್ತವೆ. ಮನೆ ಅಡವಿಟ್ಟು ತಂದ ಸಾಲಕ್ಕೂ ಇದು ಗುರಾಣಿಯಲ್ಲ. ಅಡಮಾನ ಇಟ್ಟುಕೊಂಡ ಬ್ಯಾಂಕ್ ತನ್ನ ಪಾಡಿಗೆ ತಾನು ಆ ಮನೆಯನ್ನು ಹರಾಜು ಹಾಕಬಹುದು. ಎಲ್ಲಕ್ಕಿಂತ ಕೆಟ್ಟದ್ದು ಜಾಮೀನುದಾರನ ಗತಿ. ನಿಮಗೆ ಬಿಡುಗಡೆ ಸಿಕ್ಕರೂ ನಿಮ್ಮ ಭಾವಮೈದುನ ಹಾಕಿದ ಜಾಮೀನು ಜೀವಂತವಾಗಿರುತ್ತದೆ. ಬ್ಯಾಂಕ್ ಅವನನ್ನು ಹಿಡಿಯುತ್ತದೆ.

ಇನ್ನು, ಅರ್ಜಿಗೆ ಮೊದಲು ಮನೆಯನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡಿಬಿಡೋಣ ಅಂತ ಸಲಹೆ ಕೊಡುವ ಜಾಣರು ಎಲ್ಲ ಊರಿನಲ್ಲೂ ಇರುತ್ತಾರೆ. ಹಿಂದಿನ ಎರಡು ವರ್ಷದಲ್ಲಿ ಹೀಗೆ ಸುಮ್ನೆ ಬರೆದುಕೊಟ್ಟದ್ದನ್ನು ಕೋರ್ಟ್ ರದ್ದು ಮಾಡಬಹುದು. ಆಸ್ತಿ ಮುಚ್ಚಿಟ್ಟರೆ ಅದು ಅಪರಾಧ. ಜೈಲೂ ಆಗಬಹುದು.

ದಿವಾಳಿಯಾಗಿ ಬಿಡುಗಡೆ ಸಿಗದವನು ಎಂಎಲ್‌ಎ, ಎಂಪಿ ಆಗುವಂತಿಲ್ಲ, ಕಂಪನಿಯ ನಿರ್ದೇಶಕನೂ ಆಗುವಂತಿಲ್ಲ. ತನ್ನ ಸ್ಥಿತಿ ಹೇಳದೆ 50 ರೂಪಾಯಿ ಸಾಲ ತಗೊಂಡರೂ ಅಪರಾಧ. ಹೌದು, ಐವತ್ತೇ. ಅದನ್ನೂ ಯಾರೂ ಬದಲಾಯಿಸಿಲ್ಲ.

ಒಂದು ವಿಷಯ ಜನಕ್ಕೆ ಆಶ್ಚರ್ಯವಾಗುತ್ತದೆ. ಈ ಅರ್ಜಿಯನ್ನು ಸಾಲ ಕೊಟ್ಟವರೂ ಹಾಕಬಹುದು. 2021ರ ಜುಲೈ 26ರಂದು ಲಂಡನ್ನಿನ ಹೈಕೋರ್ಟ್ ವಿಜಯ್ ಮಲ್ಯ ಅವರನ್ನು ದಿವಾಳಿ ಎಂದು ಘೋಷಿಸಿತಲ್ಲ, ಅರ್ಜಿ ಹಾಕಿದ್ದು ಮಲ್ಯ ಅಲ್ಲ, ಸಾಲ ಕೊಟ್ಟ ಭಾರತದ ಬ್ಯಾಂಕುಗಳು. ಆಸ್ತಿ ಎಲ್ಲೆಲ್ಲಿದೆ ಅಂತ ಹುಡುಕಿ ಹಿಡಿಯಲು ಅವರಿಗೆ ಅದೊಂದು ಸಾಧನ.

ಇಷ್ಟು ಕೇಳಿದ ಮೇಲೆ ನಮ್ಮ ಕಂಟ್ರಾಕ್ಟರು, “ಹಾಗಾದ್ರೆ ಬೇಡವಾ ಅಣ್ಣಾ?” ಅಂದರು. ಬೇಡ ಅಂತ ಹೇಳಲಾರೆ. ಅಡಮಾನ ಇಲ್ಲದ ಸಾಲ ಕುತ್ತಿಗೆ ತನಕ ಬಂದು, ಮೂರು ನಾಲ್ಕು ಕೋರ್ಟಿನಲ್ಲಿ ಡಿಕ್ರಿಯಾಗಿ, ತೀರಿಸಲು ಯಾವ ದಾರಿಯೂ ಉಳಿಯದಿದ್ದರೆ ಅದು ದಾರಿಯೇ. ಆದರೆ ಅದು ಕೊನೇ ಬಾಗಿಲು. ಇವರ ಕವರಿನಲ್ಲಿದ್ದ ಕಾಗದಗಳಿಗೆ ಬೇರೆ ಬಾಗಿಲುಗಳಿದ್ದವು.

ಐದು ಗುಡ್ಡೆ

ಲಕೋಟೆಗಳನ್ನೆಲ್ಲ ಒಡೆಸಿ ಐದು ಗುಡ್ಡೆ ಮಾಡಿದೆವು. ಮನೆ ಸಾಲ. ಎರಡು ಕ್ರೆಡಿಟ್ ಕಾರ್ಡು. ಒಂದು ಪರ್ಸನಲ್ ಲೋನು. ಹೆಂಡತಿಯ ಮೈಕ್ರೋಫೈನಾನ್ಸ್ ಸಾಲ. ಮತ್ತೆ, ದಿನಸಿ ಅಂಗಡಿಯ ಸಾಹುಕಾರರಿಂದ ತಂದ ಮೂರು ಲಕ್ಷದ ಕೈಸಾಲ.

“ಈಗ ಯಾರಿಗೆ ಕೊಡ್ತಾ ಇದೀರಿ?” ಅಂತ ಕೇಳಿದೆ.

“ಕಾರ್ಡಿನವರಿಗೆ. ದಿನಾ ಹತ್ತು ಸಲ ಫೋನ್ ಮಾಡ್ತಾರೆ ಅಣ್ಣಾ. ಸಾಹುಕಾರ್ರು ಒಳ್ಳೆಯವರು, ಒಂದು ದಿನಾನೂ ಕೇಳಿಲ್ಲ.”

ಸಾಲದಲ್ಲಿ ಮುಳುಗಿದವರೆಲ್ಲ ಮಾಡುವ ತಪ್ಪು ಇದೇ. ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕೊಡುತ್ತೇವೆ. ಕೂಗದವನ ಕೈಯಲ್ಲಿ ಏನಿದೆ ಅಂತ ನೋಡುವುದಿಲ್ಲ. ಸಾಹುಕಾರರ ಕೈಯಲ್ಲಿ ಇವರು ಸಹಿ ಹಾಕಿ ಕೊಟ್ಟ ಖಾಲಿ ಚೆಕ್ ಇತ್ತು. ಒಡೆಯದ ಲಕೋಟೆಗಳಲ್ಲಿ ಒಂದು ಅವರ ವಕೀಲರ ಚೆಕ್ ಬೌನ್ಸ್ ನೋಟಿಸು. ತಲುಪಿ ಒಂಬತ್ತು ದಿನವಾಗಿತ್ತು.

ಚೆಕ್ ಬೌನ್ಸ್ ಲೆಕ್ಕ ಹೀಗೆ. ಬ್ಯಾಂಕಿನಿಂದ ಚೆಕ್ ವಾಪಸಾದ ಮಾಹಿತಿ ಸಿಕ್ಕ 30 ದಿನದೊಳಗೆ ಅವರು ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನದೊಳಗೆ ನೀವು ಹಣ ಕೊಡಬೇಕು. ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಅವರು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬಹುದು. ಎರಡು ವರ್ಷದ ತನಕ ಜೈಲು ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟು ದಂಡ, ಇಲ್ಲವೇ ಎರಡೂ. ಇದು ಕ್ರಿಮಿನಲ್ ಕೇಸು. ದಿವಾಳಿ ಅರ್ಜಿ ಹಾಕಿದ್ದೇನೆ ಅಂದ ಮಾತ್ರಕ್ಕೆ ನಿಲ್ಲುವುದಿಲ್ಲ. ಖಾಲಿ ಚೆಕ್ಕಿಗೆ ಮೊತ್ತ ತುಂಬಿದ್ದು ನಾನಲ್ಲ ಅನ್ನುವ ವಾದವೂ ಸುಲಭವಾಗಿ ನಿಲ್ಲುವುದಿಲ್ಲ. ಸಹಿ ನಿಮ್ಮದಾದರೆ, ಸಾಲಕ್ಕಾಗಿಯೇ ಕೊಟ್ಟದ್ದು ಅಂತ ಕೋರ್ಟ್ ಮೊದಲು ನಂಬುತ್ತದೆ. ಅಲ್ಲ ಅಂತ ತೋರಿಸುವ ಹೊರೆ ನಿಮ್ಮದು. ಲಕೋಟೆ ತಗೊಳ್ಳದೆ ವಾಪಸ್ ಕಳಿಸಿದರೂ ತಲುಪಿದ ಲೆಕ್ಕವೇ. ಇಎಂಐಗೆ ಕೊಟ್ಟ ಬ್ಯಾಂಕ್ ಆದೇಶ ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆದರೂ ಇಂಥದ್ದೇ ಕೇಸು ಹಾಕಲು 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಅವಕಾಶವಿದೆ.

ಒಳ್ಳೆಯ ಸುದ್ದಿ ಅಂದರೆ ಈ ಕೇಸನ್ನು ಯಾವ ಹಂತದಲ್ಲಾದರೂ ರಾಜಿ ಮಾಡಿಕೊಳ್ಳಬಹುದು. ಹದಿಮೂರನೇ ದಿನ ಇವರ ವಕೀಲರು ಉತ್ತರ ಕೊಟ್ಟರು. ಕೇಸು ಆಯಿತು, ಆದರೆ ಲೋಕ ಅದಾಲತ್‌ನಲ್ಲಿ ಕಂತಿನ ಮೇಲೆ ರಾಜಿಯಾಯಿತು. ಹಳೇ ಚೆಕ್ ವಾಪಸ್ ತಗೊಳ್ಳುವುದನ್ನು ಮರೆಯಬೇಡಿ ಅಂತ ಮೂರು ಸಲ ಹೇಳಿದೆ.

ಎರಡನೇ ಗುಡ್ಡೆ ಮನೆ ಸಾಲ. ಎರಡು ಕಂತು ಬಾಕಿ. 90 ದಿನ ದಾಟಿದರೆ ಬ್ಯಾಂಕ್ ಅದನ್ನು ಎನ್‌ಪಿಎ, ಅಂದರೆ ಕಂತು ಬಾರದ ಕೆಟ್ಟ ಸಾಲ ಅಂತ ಮಾಡುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಹಿಡಿದು ಬರುತ್ತಾರೆ. ಇದರಲ್ಲಿ ಬ್ಯಾಂಕ್ ಮೊದಲು ಕೋರ್ಟಿಗೆ ಹೋಗಿ ಡಿಕ್ರಿ ತರಬೇಕಾಗಿಲ್ಲ. 60 ದಿನದ ನೋಟಿಸ್ ಕೊಡುತ್ತದೆ. ಅದಕ್ಕೆ ನೀವು ಲಿಖಿತವಾಗಿ ಆಕ್ಷೇಪಣೆ ಕೊಟ್ಟರೆ 15 ದಿನದೊಳಗೆ ಉತ್ತರಿಸಲೇಬೇಕು. ಆಮೇಲೆ ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿ ಪೇಪರಿನಲ್ಲೂ ಹಾಕುತ್ತಾರೆ. ಅದರ ವಿರುದ್ಧ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಬೆಂಗಳೂರಿನ ಡಿಆರ್‌ಟಿಗೆ ಹೋಗಬಹುದು. ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವ ತನಕ ಮಾತ್ರ. ಹರಾಜಿನ ದಿನದ ತನಕ ಕಾಯೋಣ ಅನ್ನುವವರು ಇದನ್ನು ಗಮನಿಸಿ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ನನ್ನ ಅನಿಸಿಕೆ ಇಷ್ಟು: ಮನೆ ಉಳಿಸಿಕೊಳ್ಳುವ ಶಕ್ತಿ ಇದ್ದರೆ ಮೊದಲ ದುಡ್ಡು ಅಲ್ಲಿಗೇ ಹೋಗಲಿ. 90 ದಿನಕ್ಕೆ ಮೊದಲೇ ಬ್ರಾಂಚಿಗೆ ಹೋಗಿ ಅವಧಿ ಜಾಸ್ತಿ ಮಾಡಿ, ಕಂತು ಕಮ್ಮಿ ಮಾಡಿ ಅಂತ ಬರೆದುಕೊಡಿ. ಉಳಿಸಿಕೊಳ್ಳಲು ಆಗುವುದೇ ಇಲ್ಲ ಅಂತಿದ್ದರೆ ಬ್ಯಾಂಕಿನ ಒಪ್ಪಿಗೆ ಪಡೆದು ನೀವೇ ಮಾರಿ. ಹರಾಜಿನಲ್ಲಿ ಸಿಗುವ ಬೆಲೆಗೂ ನೀವು ನಿಂತು ಮಾರುವ ಬೆಲೆಗೂ ಬಹಳ ವ್ಯತ್ಯಾಸ ಬರುವುದನ್ನು ಕಂಡಿದ್ದೇನೆ.

ಈಗ ಕೂಗುವವರು. ಕ್ರೆಡಿಟ್ ಕಾರ್ಡು ಯಾಕೆ ಮುಳುಗಿಸುತ್ತದೆ ಅಂತ ಅವರ ಬಿಲ್ಲಿನ ಹಿಂದೆಯೇ ಲೆಕ್ಕ ಹಾಕಿ ತೋರಿಸಿದೆ. ಒಂದು ಲಕ್ಷ ಬಾಕಿ. ತಿಂಗಳಿಗೆ ಶೇ 3.5 ಬಡ್ಡಿ, ಅಂದರೆ 3,500. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 630. ಒಟ್ಟು 4,130. ಬಿಲ್ಲಿನಲ್ಲಿ ‘ಕನಿಷ್ಠ ಬಾಕಿ’ 5,000 ಅಂತಿತ್ತು. ಹೊಟ್ಟೆ ಬಟ್ಟೆ ಕಟ್ಟಿ ಆ ಐದು ಸಾವಿರ ಕಟ್ಟಿದರೆ ಅಸಲಿನಲ್ಲಿ ಕರಗುವುದು 870 ರೂಪಾಯಿ. ಅವರು ಆ ಅಂಕಿಯನ್ನು ಎರಡು ಸಲ ಓದಿದರು. ನಾವು ಮೀಟರ್ ಬಡ್ಡಿಯವರನ್ನು ಬೈಯುತ್ತೇವೆ. ಇದು ವರ್ಷಕ್ಕೆ ಜಿಎಸ್‌ಟಿ ಬಿಟ್ಟೇ ಶೇ 42.

ಆದರೆ ಕಾರ್ಡಿಗೂ ಪರ್ಸನಲ್ ಲೋನಿಗೂ ಅಡವಿಟ್ಟದ್ದು ಏನೂ ಇಲ್ಲ. ಅವರು ಹಣ ವಸೂಲು ಮಾಡಬೇಕಾದರೆ ಮೊಕದ್ದಮೆ ಹಾಕಬೇಕು, ಗೆಲ್ಲಬೇಕು, ಆಮೇಲೆ ಡಿಕ್ರಿ ಜಾರಿ ಮಾಡಿಸಬೇಕು. ಎಷ್ಟೋ ಲೋನಿನ ಕರಾರಿನಲ್ಲಿ ಮಧ್ಯಸ್ಥಿಕೆಯ, ಅಂದರೆ ಕೋರ್ಟಿನ ಬದಲು ಮಧ್ಯಸ್ಥರು ತೀರ್ಪು ಕೊಡುವ ಷರತ್ತು ಇರುತ್ತದೆ, ಆ ನೋಟಿಸ್ ಬಂದರೂ ಉತ್ತರ ಕೊಡದೆ ಬಿಡಬೇಡಿ. ವಸೂಲಿಯ ದಾರಿ ಇಷ್ಟು ಉದ್ದ, ಅದಕ್ಕೇ ಅವರ ಮೊದಲ ಆಯುಧ ಫೋನು.

ಯಾವುದನ್ನು ಮುಟ್ಟುವ ಹಾಗಿಲ್ಲ

ಡಿಕ್ರಿ ಆದರೂ ಎಲ್ಲವನ್ನೂ ಹೊತ್ತೊಯ್ಯಲು ಆಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಓದಲು ಮಜವಾಗಿದೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಜಪ್ತಿ ಮಾಡುವ ಹಾಗಿಲ್ಲ. ಧರ್ಮದ ಪ್ರಕಾರ ಹೆಂಗಸು ತೆಗೆಯಬಾರದ ಒಡವೆ, ಅಂದರೆ ತಾಳಿಯಂಥದ್ದು, ಮುಟ್ಟುವ ಹಾಗಿಲ್ಲ. ಕಸುಬುದಾರನ ಉಪಕರಣ, ರೈತನ ನೇಗಿಲು, ದನ, ಬಿತ್ತನೆ ಬೀಜ, ರೈತ ವಾಸವಿರುವ ಮನೆ ಇವೂ ಹಾಗೆಯೇ. ಪಿಎಫ್, ಸರ್ಕಾರಿ ಪಿಂಚಣಿ, ಜೀವ ವಿಮೆಯ ಹಣಕ್ಕೂ ರಕ್ಷಣೆ ಇದೆ.

ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಬಿಟ್ಟು ಜಪ್ತಿ ಮಾಡಬೇಕು. ಸಂಬಳ 25,000 ಇದ್ದರೆ ತಿಂಗಳಿಗೆ 8,000 ಮೀರಿ ಹಿಡಿಯುವ ಹಾಗಿಲ್ಲ. ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ.

ಜೈಲು? “ನಾಳೆ ಪೊಲೀಸ್ ಬರ್ತಾರೆ” ಅಂತ ಫೋನಿನಲ್ಲಿ ಹೆದರಿಸುತ್ತಾರಲ್ಲ, ಬರೀ ಸಾಲ ಕಟ್ಟಲಿಲ್ಲ ಅಂತ ಪೊಲೀಸರು ಹಿಡಿಯುವ ಹಾಗಿಲ್ಲ. ಸಿವಿಲ್ ಕೋರ್ಟಿಗೆ ಸಾಲಗಾರನನ್ನು ಮೂರು ತಿಂಗಳ ತನಕ ಸಿವಿಲ್ ಜೈಲಿನಲ್ಲಿಡುವ ಅಧಿಕಾರ ಇದೆ, ನಿಜ. ಆದರೆ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಕೊಡಲು ಇದ್ದೂ ಕೊಡದ ದುರುದ್ದೇಶ ಇರಬೇಕು, ಬಡತನ ಒಂದೇ ಜೈಲಿಗೆ ಕಾರಣವಾಗಬಾರದು ಅಂತ ಅದರ ಸಾರ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವ ಹಾಗೇ ಇಲ್ಲ.

ಕಂಟ್ರಾಕ್ಟರ ದೊಡ್ಡ ಚಿಂತೆ ಬೇರೆ ಇತ್ತು. “ನನಗೇನಾದ್ರೂ ಆದ್ರೆ ಮಗನ ತಲೆ ಮೇಲೆ ಬರುತ್ತಲ್ಲ ಅಣ್ಣಾ.” ಹೀಗೆ ಮಾತಾಡುವವರನ್ನು ಒಬ್ಬರನ್ನೇ ಬಿಡಬಾರದು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಅವತ್ತೇ ನನ್ನ ಫೋನಿನಿಂದ ಮಾತಾಡಿಸಿದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಕಾನೂನಿನ ಉತ್ತರವನ್ನೂ ಹೇಳಿದೆ. ಅಪ್ಪನ ಸಾಲ ಮಗನ ಧರ್ಮ ಅನ್ನುವುದು ಹಿಂದೂ ಕಾನೂನಿನಲ್ಲಿ ಒಂದು ಕಾಲಕ್ಕೆ ಇತ್ತು. 2005ರ ಸೆಪ್ಟೆಂಬರ್ 9ರಿಂದ, ಆಮೇಲೆ ಮಾಡಿದ ಸಾಲಗಳಿಗೆ ಅದನ್ನು ತೆಗೆದುಹಾಕಿದ್ದಾರೆ. ತೀರಿಕೊಂಡವರು ಬಿಟ್ಟುಹೋದ ಆಸ್ತಿಯಿಂದ ವಸೂಲು ಮಾಡಬಹುದು, ವಾರಸುದಾರರ ಸ್ವಂತ ದುಡಿಮೆಯಿಂದಲ್ಲ. ಹೆಂಡತಿಯೂ ಅಷ್ಟೇ. ಜಂಟಿಯಾಗಿ ಸಹಿ ಹಾಕಿದ್ದರೆ ಅಥವಾ ಜಾಮೀನು ನಿಂತಿದ್ದರೆ ಮಾತ್ರ ಅವಳ ಮೇಲೆ ಬರುತ್ತದೆ.

ವಸೂಲಿಗೆ ಬರುವವರಿಗೂ ನಿಯಮ ಇದೆ. 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ. ಬೈಯುವುದು, ನೆಂಟರ ಮುಂದೆ ಮಾನ ಕಳೆಯುವುದು ಕೂಡದು. ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ, ಬೆಳಿಗ್ಗೆ 9ರಿಂದ ಸಂಜೆ 6. ತಪ್ಪಿದರೆ ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ. ಫೋನಿನ ಕಾಂಟ್ಯಾಕ್ಟ್ ಕದ್ದು ಫೋಟೋ ತಿರುಚಿ ಹೆದರಿಸುವ ಲೋನ್ ಆಪ್‌ಗಳದ್ದು ಬೇರೆ ಕಥೆ. ಅದು ಸೀದಾ ಅಪರಾಧ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು.

2025ರ ಆರಂಭದಲ್ಲಿ ಕಿರುಸಾಲ ವಸೂಲಿಯ ಕಿರುಕುಳ ನಮ್ಮ ರಾಜ್ಯದಲ್ಲಿ ಎಷ್ಟು ಮಿತಿ ಮೀರಿತ್ತು ಅಂತ ಎಲ್ಲರಿಗೂ ನೆನಪಿರುತ್ತದೆ. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ವಿಧಾನಮಂಡಲದಲ್ಲಿ ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಆದರೆ ‘ಸಾಲ ಮನ್ನಾ ಆಯ್ತಂತೆ’ ಅಂತ ಹಬ್ಬಿದ ಮಾತು ಪೂರ್ತಿ ನಿಜವಲ್ಲ. ಮನ್ನಾ ಅಂದದ್ದು ಪರವಾನಗಿ, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲಕ್ಕೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇರುವ ಸಂಸ್ಥೆಯ ಸಾಲ ಹಾಗೇ ಇರುತ್ತದೆ. ಹಾಗಾಗಿ ಹೆಂಡತಿಯ ಸಂಘದ ಕಂತು ನಿಲ್ಲಿಸುವುದು ಬೇಡ ಅಂದೆ. ಗುಂಪಿನ ಹತ್ತು ಹೆಂಗಸರ ಮುಖ ನೋಡಬೇಕಾದವಳು ಅವಳು. ದೇವರಾಜ ಅರಸು ಅವರ ಕಾಲದ ಋಣ ಪರಿಹಾರ, 2019ರಲ್ಲಿ ಜಾರಿಯಾದ ಋಣ ಪರಿಹಾರ ಕಾಯ್ದೆ, ಇವೆಲ್ಲ ಆಯಾ ಹೊತ್ತಿನ ಪರಿಹಾರಗಳು. ಈಗ ಹೋಗಿ ಕೇಳಿದರೆ ಸಿಗುವುದಿಲ್ಲ.

ಸೆಟಲ್‌ಮೆಂಟ್ ಅನ್ನುವ ಚೌಕಾಸಿ

ಕಾರ್ಡು ಮತ್ತು ಪರ್ಸನಲ್ ಲೋನಿಗೆ ಉಳಿದ ದಾರಿ ಓಟಿಎಸ್, ಒಂದೇ ಸಲ ಇಷ್ಟು ಕೊಟ್ಟು ಮುಗಿಸುವುದು. ಬ್ಯಾಂಕ್ ಒಪ್ಪಲೇಬೇಕು ಅಂತಿಲ್ಲ. ಹಳೇ ಬಾಕಿಯಾದಷ್ಟೂ ಚೌಕಾಸಿಗೆ ಬಗ್ಗುತ್ತಾರೆ. ಇಲ್ಲಿ ಮೋಸ ಹೋಗುವುದು ಮೂರು ಕಡೆ. ಏಜೆಂಟ್ ಬಾಯಲ್ಲಿ ಹೇಳಿದ್ದನ್ನು ನಂಬುವುದು. ಅವನ ಯುಪಿಐಗೆ ದುಡ್ಡು ಹಾಕುವುದು. ಕಟ್ಟಿದ ಮೇಲೆ ‘ನೋ ಡ್ಯೂಸ್’ ಪತ್ರ ತಗೊಳ್ಳದೆ ಬರುವುದು. ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಮೊತ್ತ, ಕೊನೇ ದಿನಾಂಕ, ‘ಇದರೊಂದಿಗೆ ಪೂರ್ತಿ ಚುಕ್ತಾ’ ಅನ್ನುವ ಮಾತು ಕೈಗೆ ಬಂದ ಮೇಲೆಯೇ ಹಣ, ಅದೂ ಲೋನ್ ಖಾತೆಗೇ. ನಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಅದು ‘ಕ್ಲೋಸ್ಡ್’ ಅಂತ ಬರುವುದಿಲ್ಲ, ‘ಸೆಟಲ್ಡ್’ ಅಂತ ಬರುತ್ತದೆ. ಕೆಲವು ವರ್ಷ ಹೊಸ ಸಾಲ ಕಷ್ಟ. ಅವರ ಸ್ಥಿತಿಯಲ್ಲಿ ಅದು ಒಳ್ಳೆಯದೇ ಅನ್ನಿಸಿತು ನನಗೆ.

ಇನ್ನೊಂದು. ಅಡಮಾನ ಇಲ್ಲದ ಸಾಲಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಮಿತಿ ಮುಗಿಯುವ ಮೊದಲು ‘ಇಷ್ಟು ಕೊಡಬೇಕಿದೆ’ ಅಂತ ಬರೆದು ಸಹಿ ಹಾಕಿದರೆ ಮತ್ತೆ ಮೂರು ವರ್ಷ ಹೊಸದಾಗಿ ಶುರು. ಏಜೆಂಟ್ ಚಾಚುವ ಯಾವ ಕಾಗದಕ್ಕೂ ಓದದೆ ಸಹಿ ಬೇಡ ಅನ್ನುವುದು ಇದಕ್ಕೇ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ. ಸಹಾಯವಾಣಿ 15100.

ಒಂದು ಕಾರ್ಡು ಯುಗಾದಿಗೆ ಮೊದಲು ಚುಕ್ತಾ ಆಯಿತು. ಪಾತ್ರೆ ಸಾಮಾನಿನ ಹಳೇ ವ್ಯಾನ್ ಮಾರಿದರು. ಇನ್ನೊಂದು ಕಾರ್ಡು, ಲೋನು ಹಾಗೇ ಇವೆ. ಮನೆ ಕಂತು ತಪ್ಪಿಲ್ಲ. ಪಾಪರ್ ಚೀಟಿ ವಿಷಯ ಮತ್ತೆ ಎತ್ತಿಲ್ಲ.

ಮೊನ್ನೆ ಒಂದು ಮದುವೆ ಮನೆಯ ಅಡುಗೆ ಕೋಣೆಗೆ ಹೋಗಿದ್ದೆ. ಹೋಳಿಗೆಗೆ ಹೂರಣ ಉಂಡೆ ಕಟ್ಟುತ್ತಾ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಮೊದಲಾಗಿದ್ದರೆ ಕೈ ಒರೆಸಿಕೊಂಡು ಹಿತ್ತಲಿಗೆ ಓಡುತ್ತಿದ್ದರು. ಕತ್ತೆತ್ತಿ ಗೋಡೆ ಗಡಿಯಾರ ನೋಡಿದರು. ಏಳು ಇಪ್ಪತ್ತು. ಮೊಣಕೈಯಿಂದಲೇ ಫೋನನ್ನು ಬೋರಲು ಮಾಡಿ, “ಟೈಮಾಯ್ತಲ್ಲಣ್ಣ ಅವರದ್ದು” ಅಂದು ಮುಂದಿನ ಉಂಡೆಗೆ ಕೈ ಹಾಕಿದರು.